ಗಾಂಜಾ ಹೊಲದ ಅತಿಥಿಗಳು

ಹೊಳೆಯಾಚೆ

ಪರದೇಶಕ್ಕೆ ಹೋಗಿ ಬಂದವರು ಹಡಗಿನಲ್ಲಿ ತಮಗಾದ ವಾಂತಿಯಿಂದ ಕಥೆ ಶುರು ಮಾಡುವುದು ವಾಡಿಕೆ. ನನಗೆ ಆ ಭಾಗ್ಯವಿಲ್ಲ. ನಾನು ನೋಡಿ ಬಂದ ಪರದೇಶಕ್ಕೆ ಹಡಗು ಬೇಡ. ಹೊಸಪೇಟೆಯಲ್ಲಿ ರೈಲು ಹತ್ತಿ, ತುಂಗಭದ್ರೆಯ ಸೇತುವೆ ಮುಗಿಯುವವರೆಗೆ ಕಿಟಕಿಗೆ ಮುಖವಿಟ್ಟು ಕೂತರೆ ಸಾಕು. ಈಚೆ ದಡ ಇಂಗ್ಲಿಷರದ್ದು, ಆಚೆ ದಡ ನಿಜಾಮರದ್ದು. ಅಲ್ಲಿ ದೊರೆ ಬೇರೆ, ನಾಣ್ಯ ಬೇರೆ, ಕಚೇರಿಯಲ್ಲಿ ಎಣಿಸುವ ತಿಂಗಳುಗಳ ಹೆಸರು ಬೇರೆ. ನಮಗೆ ಭಾನುವಾರ ರಜೆಯಾದರೆ ಅವರಿಗೆ ಶುಕ್ರವಾರ. ಬದಲಾಗದೆ ಉಳಿದದ್ದು ಕನ್ನಡ ಒಂದೇ, ಅದೂ ನಮ್ಮ ಬೆಂಗಳೂರಿನ ಕಿವಿಗೆ ಒಂದು ಹಿಡಿ ಖಾರ ಹೆಚ್ಚಾಗಿ.

ನಾನು ಹುಳುಗಳ ಮನುಷ್ಯ. ಬೆಳೆಗಳಿಗೆ ಬೀಳುವ ಹುಳುಗಳನ್ನು ಹಿಡಿದು, ಸೂಜಿಗೆ ಚುಚ್ಚಿ, ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಜೋಡಿಸಿಡುವುದು ನನ್ನ ಉದ್ಯೋಗ. ರಾಗಿಗೊಂದು ಪೆಟ್ಟಿಗೆ, ಕಬ್ಬಿಗೊಂದು, ಹಿಪ್ಪುನೇರಳೆಗೊಂದು. ಗಾಂಜಾ ಎಂದು ಚೀಟಿ ಅಂಟಿಸಿದ ಪೆಟ್ಟಿಗೆ ಮಾತ್ರ ಬಹುಕಾಲದಿಂದ ಖಾಲಿ ಬಿದ್ದಿತ್ತು. ಖಾಲಿ ಪೆಟ್ಟಿಗೆ ಕಂಡರೆ ನಮ್ಮ ಸಾಹೇಬರಿಗೆ ಊಟ ಸೇರುತ್ತಿರಲಿಲ್ಲ. ಕುಷ್ಟಗಿ ತಾಲ್ಲೂಕಿನ ಹನುಮಸಾಗರದ ಹತ್ತಿರ ಸರ್ಕಾರದ ಪರವಾನಗಿ ಪಡೆದು ಗಾಂಜಾ ಬೆಳೆಯುವ ಹೊಲವೊಂದಿದೆ ಎಂದು ಅವರು ಎಲ್ಲಿಂದಲೋ ಪತ್ತೆ ಮಾಡಿ, ಅತ್ತಲಿಂದ ಅಪ್ಪಣೆ ತರಿಸಿ, ನನ್ನನ್ನು ಹೊರಡಿಸಿದರು. ಪುಸ್ತಕಗಳಲ್ಲಿ ಇಲ್ಲದ ಹುಳು ಒಂದನ್ನಾದರೂ ತರಬೇಕು ಎಂಬುದು ಅವರ ಆಜ್ಞೆ. ಒಂದೇಕೆ, ನಾಲ್ಕು ತರುತ್ತೇನೆ ಎಂದು ಹೇಳಿ ಹೊರಟೆ. ನನ್ನ ಕೆಲಸದ ವಿಷಯದಲ್ಲಿ ನನಗೆ ನಾಚಿಕೆ ಕಡಿಮೆ.

ಹೊಳೆ ದಾಟಿದ ಕೂಡಲೇ ಬರುವ ಸ್ಟೇಷನ್ನು ಮುನಿರಾಬಾದ್. ಅಲ್ಲಿ ಸುಂಕದ ಮುನ್ಷಿಯೊಬ್ಬರು ರೈಲಿನ ಡಬ್ಬಿ ಡಬ್ಬಿಗೂ ಹತ್ತಿ ಗಂಟುಮೂಟೆ ಬಿಚ್ಚಿಸುತ್ತಾರೆ. ನನ್ನ ಪೆಟ್ಟಿಗೆಯಲ್ಲಿದ್ದ ಬಲೆ ನೋಡಿ ಮೀನಿನ ವ್ಯಾಪಾರವೇ ಎಂದರು. ಸೂಜಿಗಳನ್ನು ನೋಡಿ ದರ್ಜಿಯೇ ಎಂದರು. ಹುಳು ಕೊಲ್ಲುವ ವಿಷದ ಸೀಸೆಯನ್ನು ಮೂಸಲು ಹೋದಾಗ ಮಾತ್ರ ನಾನು ಅವರ ಕೈ ಹಿಡಿದುಕೊಂಡೆ. ವಾಪಸು ಬರುವಾಗ ಏನು ಒಯ್ಯುತ್ತೀರಿ ಎಂದು ಕೇಳಿದರು. ಹುಳು ಎಂದೆ. ಮುನ್ಷಿಗೆ ಇಕ್ಕಟ್ಟಾಯಿತು. ರೇಷ್ಮೆಗೂಡಿಗೆ ಸುಂಕವಿದೆ, ಜೇನಿಗಿದೆ, ಅರಗಿಗೂ ಇದೆ. ಇವೆಲ್ಲ ಹುಳು ಮಾಡಿದ ಮಾಲು. ಬರೀ ಹುಳುವಿಗೆ ಎಷ್ಟು ಎಂದು ಯಾರೂ ಬರೆದಿಟ್ಟಿರಲಿಲ್ಲ. ವಾಪಸು ಬರುವಾಗ ನೋಡೋಣ ಎಂದು ಬಿಟ್ಟರು. ವಾಪಸು ಬರುವಾಗಲೂ ಅವರಿಗೆ ಅದು ಬಗೆಹರಿದಿರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನಿಜಾಮರ ರಾಜ್ಯದಿಂದ ನಾನು ತಂದ ಹುಳುಗಳಿಗೆಲ್ಲ ಸುಂಕ ಮಾಫಿಯಾಯಿತು.

ಯಲಬುರ್ಗಿ, ಬೇಡದಿದ್ದರೂ

ಕೊಪ್ಪಳದಲ್ಲಿ ಇಳಿದು ಕುಷ್ಟಗಿಯ ಬಸ್ಸು ಯಾವುದು ಎಂದು ವಿಚಾರಿಸಿದೆ. ನಿಂತಿದ್ದ ಒಂದೇ ಬಸ್ಸನ್ನು ಎಲ್ಲರೂ ತೋರಿಸಿದರು. ಕುಷ್ಟಗಿಗೆ ಹೋಗುತ್ತದೆಯೇ ಎಂದರೆ, ಹೋಗತೈತಿ ಬರ್ರಿ ಎಂದು ಕೈ ಹಿಡಿದು ಹತ್ತಿಸಿದರು. ನಮ್ಮ ಕಡೆ ಇಂಥ ಪ್ರಶ್ನೆಗೆ ಗೊತ್ತಿಲ್ಲ ಎಂಬ ಉತ್ತರವೂ ಉಂಟು. ಇಲ್ಲಿಯವರಿಗೆ ಕೇಳಿದವನನ್ನು ಇಲ್ಲವೆಂದು ನಿರಾಶೆಗೊಳಿಸುವುದು ದೊಡ್ಡ ಅಪರಾಧ. ಬಸ್ಸು ಯಲಬುರ್ಗಿಗೆ ಹೋಯಿತು. ನಾಳೆ ಬೆಳಿಗ್ಗೆ ಇದೇ ಬಸ್ಸು ಇಲ್ಲಿಂದ ಕುಷ್ಟಗಿಗೆ ಹೋಗುತ್ತದೆ, ಅವರು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಡ್ರೈವರ್ ಸಮಾಧಾನ ಹೇಳಿದ.

ಅದು ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ದೊಡ್ಡ ಒಲೆ ಕಟ್ಟಿದ್ದರು. ಏರು ಬಂದಾಗಲೆಲ್ಲ ಅದು ಉಸಿರು ಹಿಡಿಯುತ್ತಿತ್ತು, ನಾವು ಇಳಿದು ನಡೆಯುತ್ತಿದ್ದೆವು. ಪಕ್ಕದಲ್ಲಿ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರು ಕೂತಿದ್ದರು; ಅರ್ಧ ಮಾತು ಕನ್ನಡ, ಅರ್ಧ ತೆಲುಗು. ನನ್ನ ಹೆಸರು ಕೇಳುವ ಮೊದಲು ಅವರು ಕೇಳಿದ್ದು ಬುತ್ತಿ ತಂದಿದ್ದೀರಾ ಎಂದು. ಇಲ್ಲ ಎಂದೆ. ಬಸ್ಸಿನಲ್ಲಿ ಒಂದು ಗುಜುಗುಜು ಎದ್ದಿತು, ನಾನು ಅಂಗಿಯಿಲ್ಲದೆ ಹೊರಟವನೋ ಎಂಬಂತೆ. ಮರುಕ್ಷಣ ನನ್ನ ತೊಡೆಯ ಮೇಲೆ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಯಾರದೋ ಮನೆಯ ಬದನೆಕಾಯಿ ಎಲ್ಲ ಬಂದು ಬಿದ್ದವು. ಊರು ಬಿಡುವವನ ಕೈಯಲ್ಲಿ ಬುತ್ತಿ ಇರಲೇಬೇಕು, ಇಲ್ಲದವನಿಗೆ ಇದ್ದವರು ಕೊಡಲೇಬೇಕು. ಈ ಸೀಮೆಯಲ್ಲಿ ನಾನು ಕಂಡ ಅತ್ಯಂತ ಬಿಗಿಯಾದ ಕಾನೂನು ಇದೇ.

ಈ ಔತಣದ ಭರದಲ್ಲಿ, ಗಿಡದ ಕೆಳಗೆ ಹಾಸಿ ಹುಳು ಉದುರಿಸಿಕೊಳ್ಳುವ ನನ್ನ ಬಿಳಿ ಬಟ್ಟೆಯನ್ನು ಬಸ್ಸಿನ ನೆತ್ತಿಯ ಮೇಲೆಯೇ ಬಿಟ್ಟು ಇಳಿದೆ. ಬೆಳಿಗ್ಗೆ ನೋಡಿದರೆ ಡ್ರೈವರ್ ಅದರಿಂದ ಇದ್ದಿಲಿನ ಒಲೆ ಒರೆಸುತ್ತಿದ್ದ. ಬಟ್ಟೆಯನ್ನು ಅವನಿಗೇ ಬಿಟ್ಟೆ; ಹಿಂದಿನ ದಿನ ನಾನು ತಿಂದ ಗುರೆಳ್ಳು ಚಟ್ನಿ ಅವನ ಬುತ್ತಿಯದು.

ಹನುಮಸಾಗರ, ಗುರುವಾರ ಸಂಜೆ

ಹನುಮಸಾಗರದಲ್ಲಿ ನನ್ನನ್ನು ಇಳಿಸಿಕೊಂಡವರು ಸಾಲೆಯ ರುದ್ರಪ್ಪ ಮಾಸ್ತರರು. ಹಗಲು ಮಕ್ಕಳಿಗೆ ಉರ್ದು ಕಲಿಸುವುದು, ಸಂಜೆ ಅದೇ ಮಕ್ಕಳನ್ನು ಮನೆಗೆ ಕರೆದು ಕನ್ನಡ ಅಕ್ಷರ ತಿದ್ದಿಸುವುದು ಅವರ ದಿನಚರಿ. ಮೊದಲನೆಯದಕ್ಕೆ ಸಂಬಳ, ಎರಡನೆಯದಕ್ಕೆ ಸಂತೋಷ ಎಂದರು. ಕನ್ನಡ ಸಾಲೆಯಲ್ಲಿ ಕನ್ನಡ ಕಲಿತು ದೊಡ್ಡವನಾದ ನನಗೆ ಅಂಥದ್ದೊಂದು ಸಂತೋಷ ಇದೆಯೆಂದೇ ಗೊತ್ತಿರಲಿಲ್ಲ.

ಹೊಲಕ್ಕೆ ಕಾಲಿಡುವ ಮೊದಲು ಅಬಕಾರಿ ಅಮೀನರನ್ನು, ಎಂದರೆ ಗಾಂಜಾ ಬೆಳೆಯ ಮೇಲೆ ಕಣ್ಣಿಡುವ ಸರ್ಕಾರಿ ಅಧಿಕಾರಿಯನ್ನು, ಕಾಣಬೇಕಿತ್ತು. ಮಾಸ್ತರರು ನನ್ನನ್ನು ಅವರ ನಾಕಾಕ್ಕೆ ಕರೆದೊಯ್ದರು. ಎರಡು ಕೋಣೆಯ ಕಟ್ಟಡ; ಒಂದರಲ್ಲಿ ಅಮೀನರ ಮೇಜು, ಇನ್ನೊಂದಕ್ಕೆ ಬೀಗ. ಬೀಗದ ಕೋಣೆಯ ಕಿಟಕಿಯ ಬಳಿ ಹೆಂಗಸೊಬ್ಬಳು ನಿಂತು ಸರಳುಗಳ ನಡುವೆ ಬಟ್ಟೆಯ ಗಂಟು ತೂರಿಸುತ್ತಿದ್ದಳು. ಒಳಗಿನಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು. ಅವಳು ದ್ಯಾಮವ್ವ, ಕೈ ಅವಳ ಗಂಡ ಫಕೀರಪ್ಪನದು. ನಾನು ನೋಡಬೇಕೆಂದು ಬಂದಿದ್ದ ಗಾಂಜಾ ಹೊಲ ಅವರಿಬ್ಬರದೇ.

ಫಕೀರಪ್ಪ ಒಳಗೆ ಹೋದದ್ದು ಹೀಗೆ. ಗಾಂಜಾದ ಗಿಡ ಬೆಳೆಯುತ್ತಲೇ ಅಮೀನರು ಬಂದು ಒಂದೊಂದನ್ನೂ ಎಣಿಸುತ್ತಾರೆ. ಕೊಯ್ಲಿನ ತನಕ ಆ ಲೆಕ್ಕ ಹಾಗೆಯೇ ನಿಲ್ಲಬೇಕು; ಒಣಗಿದರೆ ಒಣಗಿದ ಗಿಡವನ್ನಾದರೂ ತೋರಿಸಬೇಕು. ಈ ಸಲ ಮರುಎಣಿಕೆಗೆ ಬಂದಾಗ ಎಷ್ಟೋ ಗಿಡಗಳಿರಲಿಲ್ಲ. ದ್ಯಾಮವ್ವ ಹೇಳುವುದು, ಗಿಡ ಬುಡದಲ್ಲೇ ಮುರಿದು ಬಿದ್ದು ಒಣಗಿದವು, ಕೀಡೆ ಬಿದ್ದಿದೆ ಎಂದುಕೊಂಡು ಹತ್ತಿಕಟ್ಟಿಗೆಯ ಜೊತೆ ಸೇರಿಸಿ ಒಲೆಗೆ ಹಾಕಿದೆ ಎಂದು. ಈ ಸೀಮೆಯ ಅಚ್ಚುಕಟ್ಟಾದ ಯಾವ ಹೆಂಗಸಾದರೂ ಮಾಡುವುದು ಅದನ್ನೇ. ಹುಳು ಬಿದ್ದ ಗಿಡವನ್ನು ಹೊಲದಲ್ಲಿ ಬಿಡಬಾರದು, ಒಣಕಟ್ಟಿಗೆಯನ್ನು ದಂಡ ಮಾಡಬಾರದು. ಸರ್ಕಾರದ ಗಾಂಜಾದ ಮೇಲೆ ಅವಳು ಮನೆಮಂದಿಗೆಲ್ಲ ರೊಟ್ಟಿ ಬೇಯಿಸಿದ್ದಳು.

ಅಮೀನರು ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿದರು, ಬೆಂಗಳೂರಿನ ಹವೆ ವಿಚಾರಿಸಿದರು, ಹೊಲ ನೋಡಲು ಒಪ್ಪಿಗೆ ಕೊಟ್ಟರು. ಒಂದೂ ಗಿಡ ಕೀಳುವಂತಿಲ್ಲ ಎಂದು ಎರಡು ಸಲ ಹೇಳಿದರು. ಹುಳು ಹುಡುಕಲು ಬಂದಿದ್ದೇನೆಂದು ಕೇಳಿ ಮಾತ್ರ ನಕ್ಕರು.

"ಸಾಹೇಬ್ರ, ಆ ಗಿಡಾನ ಆಡು ಸೈತ ಮೂಸಿ ಹಿಂದಕ ಸರೀತೈತಿ. ಮನಶ್ಯಾನ ಬಿಟ್ರ ಅದಕ್ಕ ಗಿರಾಕಿ ಇಲ್ರಿ. ಹುಳಾ ತಿಂತು ಅನ್ನೂದು, ಮಾರಿಕೊಂಡಾವರು ಹೇಳೂ ಮಾತು."

ಹುಳು ತಿನ್ನದ ಗಿಡ ಈ ಭೂಮಿಯ ಮೇಲಿದ್ದರೆ ನಾನು ನೌಕರಿ ಬಿಟ್ಟು ಸನ್ಯಾಸಿಯಾಗುತ್ತೇನೆ ಎಂದೆ. ಅಮೀನರಿಗೆ ನನ್ನ ಧಿಮಾಕು ಹಿಡಿಸಿತೆಂದು ಕಾಣುತ್ತದೆ. ಶನಿವಾರ ಬೆಳಿಗ್ಗೆ ಫಕೀರಪ್ಪನನ್ನು ಕುಷ್ಟಗಿಗೆ ಸಾಗಿಸುತ್ತೇವೆ, ಅಲ್ಲಿಂದ ರಾಯಚೂರಿನ ಜೈಲು. ಗಿಡ ಬೀಳಿಸುವ ಹುಳುವನ್ನು ಅದಕ್ಕೆ ಮೊದಲು ನನ್ನ ಕಣ್ಣಿಗೆ ತೋರಿಸಿದರೆ ನೋಡೋಣ ಎಂದರು. ಕಿಟಕಿಯ ಬಳಿ ದ್ಯಾಮವ್ವ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಧಿಮಾಕು ಸ್ವಲ್ಪ ಇಳಿಯಿತು. ಅಲ್ಲಿಯವರೆಗೆ ನನಗೆ ಬೇಕಾದದ್ದು ಒಂದು ಪೆಟ್ಟಿಗೆಗೆ ಹುಳು. ಈಗ ಒಬ್ಬ ಮನುಷ್ಯನ ಬಿಡುಗಡೆಯೂ ನನ್ನ ಬಲೆಗೆ ಬಂದು ಬಿದ್ದಿತ್ತು.

ಶುಕ್ರವಾರ, ಎಳ್ಳಮಾಸೆಯ ಹೊಲ

ಮರುದಿನ ಎಳ್ಳಮಾಸೆ. ಅಂದು ಇಲ್ಲಿಯ ಒಕ್ಕಲುತನದವರು ಅಡುಗೆ ಮಾಡಿಕೊಂಡು ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ತಾವು ಉಣ್ಣುವ ಮೊದಲು ಕಡಬು, ಕಾಳಿನ ಪಲ್ಯ, ಮೊಸರನ್ನಗಳನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿತಾಯಿಗೂ, ಅವಳ ಮೈಮೇಲೆ ಹರಿದಾಡುವ ಇರುವೆ, ಹುಳು, ಹಕ್ಕಿ ಎಲ್ಲಕ್ಕೂ ಅಂದು ಒಕ್ಕಲಿಗನ ಮನೆಯ ಊಟ. ನಮ್ಮಲ್ಲಿ ಹೊಲದ ಹುಳುವಿಗೆ ಬೂದಿ ಎರಚುತ್ತೇವೆ, ಇವರು ಕಡಬು ಎರಚುತ್ತಾರೆ.

ಗಂಡ ಬೀಗದೊಳಗೆ ಇದ್ದರೂ ದ್ಯಾಮವ್ವ ಹಬ್ಬ ಬಿಟ್ಟಿರಲಿಲ್ಲ. ಬೆಳಿಗ್ಗೆ ನಾಕಾದ ಕಿಟಕಿಗೆ ಕಡಬು ಮುಟ್ಟಿಸಿ, ನೇರವಾಗಿ ಹೊಲಕ್ಕೆ ಬಂದಿದ್ದಳು. ನಾನೂ ಮಾಸ್ತರರೂ ತಲುಪುವ ಹೊತ್ತಿಗೆ ಬಿಳಿಜೋಳದ ನಡುವೆ ಚರಗ ಚೆಲ್ಲುತ್ತಾ ಗಾಂಜಾದ ತುಂಡಿಗೆ ಬಂದಿದ್ದಳು. ಆಳೆತ್ತರದ ಗಿಡಗಳು, ದಟ್ಟ ಹಸಿರು, ದೂರದಿಂದಲೇ ಮೂಗಿಗೆ ಅಡರುವ ವಾಸನೆ. ಎಲ್ಲವೂ ಹೆಣ್ಣುಗಿಡಗಳು. ಗಂಡುಗಿಡಗಳನ್ನು ಗುರುತಿಸಿ ಮೊದಲೇ ಕಿತ್ತುಬಿಡುತ್ತಾರೆ, ಬೀಜ ಕಟ್ಟಿದರೆ ಮಾಲು ಕೆಟ್ಟಿತೆಂದೇ ಲೆಕ್ಕ. ಸೀಗಿ ಹುಣ್ಣಿಮೆಯಲ್ಲಿ ಜೋಳವನ್ನು ಬಸುರಿಯೆಂದು ಪೂಜಿಸಿ ಬಯಕೆಯ ಊಟ ಬಡಿಸುವ ಈ ಜನ, ಗಾಂಜಾಕ್ಕೆ ಮಾತ್ರ ಅದನ್ನು ಬಡಿಸುವುದಿಲ್ಲ. ಕನ್ನೆಯಾಗಿಯೇ ಉಳಿಯಬೇಕಾದ ಬೆಳೆಗೆ ಬಯಕೆಯ ಊಟವೇಕೆ ಎಂದು ದ್ಯಾಮವ್ವ ನನ್ನನ್ನೇ ಕೇಳಿದಳು. ಎಳ್ಳಮಾಸೆಯ ಚರಗಕ್ಕೆ ಅಂಥ ಅಡ್ಡಿಯಿಲ್ಲ, ಅದು ಹುಳಹುಪ್ಪಟೆಯ ಪಾಲು.

ಹಾಸಲು ಬಟ್ಟೆ ಇಲ್ಲದ್ದರಿಂದ ಮಾಸ್ತರರು ಹಬ್ಬದ ಧೋತರದ ಜೋಡಿಯಲ್ಲಿ ಒಂದನ್ನು ಕೊಟ್ಟರು. ಅದನ್ನು ಗಿಡದ ಕೆಳಗೆ ಹಾಸಿ, ಕೊಡೆಯ ಹಿಡಿಯಿಂದ ಗಿಡಕ್ಕೆ ಮೆಲ್ಲಗೆ ತಟ್ಟಿದೆ. ಯಾರೂ ತಿನ್ನದ ಗಿಡದಿಂದ ಉದುರಿದ ಸಂತೆಯನ್ನು ಅಮೀನರು ನೋಡಬೇಕಿತ್ತು. ಎಲೆಯಡಿ ಅಂಟಿ ಕೂತು ರಸ ಹೀರುವ ಹಸಿರು ಹೇನುಗಳು, ಅವುಗಳನ್ನು ದನದಂತೆ ಕಾಯ್ದು ಸಿಹಿ ಕರೆದುಕೊಳ್ಳುವ ಕರಿ ಇರುವೆಗಳು, ಅದೇ ಹೇನುಗಳನ್ನು ಬೇಟೆಯಾಡಲು ಬಂದ ಗುಲಗಂಜಿ ಹುಳುಗಳು. ಮೊಳ ಹಾಕುತ್ತಾ ನಡೆಯುವ ಹಸಿರು ಕೀಡೆ, ಪಕ್ಕದ ಹತ್ತಿಹೊಲದಿಂದ ನೆಂಟಸ್ತಿಕೆಗೆ ಬಂದ ಕೆಂಪು ತಿಗಣೆ, ಅಡ್ಡಡ್ಡ ಓಡುವ ಬಿಳಿ ಜೇಡ, ಜಿಗಿದು ಮಾಯವಾಗುವ ಬೆಣೆಯಾಕಾರದ ಜಿಗಿಹುಳು. ಮೇಲಿನ ಕೊಂಬೆಯಲ್ಲಿ ಒಂದು ಓತಿಕ್ಯಾತ, ಒಂದು ಕಣ್ಣು ನನ್ನ ಮೇಲೆ, ಒಂದು ಕಣ್ಣು ಊಟದ ಮೇಲೆ ಇಟ್ಟು ಕೂತಿತ್ತು. ನನಗೆ ಸ್ವರ್ಗ. ಹೂವಿನ ಅಂಟು ಕೈಗೆಲ್ಲ ಮೆತ್ತಿಕೊಂಡಿದ್ದು ಮರೆತು ಮೀಸೆ ನೀವಿಕೊಂಡೆ; ಮೀಸೆಯ ಒಂದು ತುದಿ ಕೆನ್ನೆಗೆ ಅಂಟಿಕೊಂಡಿತು, ಅದರಲ್ಲಿ ಎರಡು ಹೇನು ಸಿಕ್ಕಿಬಿದ್ದವು. ದ್ಯಾಮವ್ವ ಮುಖ ತಿರುಗಿಸಿ ನಕ್ಕಳು. ಅವಳು ನಕ್ಕದ್ದನ್ನು ಈ ಹದಿನೈದು ದಿನದಲ್ಲಿ ನೋಡಿಲ್ಲವೆಂದು ಮಾಸ್ತರರು ಪಿಸುಗುಟ್ಟಿದರು.

ಆದರೆ ಇವರಲ್ಲಿ ಯಾರೂ ಗಿಡ ಬೀಳಿಸುವವರಲ್ಲ. ಎಲೆ ತಿನ್ನುತ್ತಾರೆ, ರಸ ಹೀರುತ್ತಾರೆ, ಅಷ್ಟೇ. ಬೀಳಿಸುವವನು ದಂಟಿನ ಒಳಗಿರಬೇಕು. ಬುಡಗಳನ್ನು ನೋಡುತ್ತಾ ಹೋದಾಗ ಅಲ್ಲಲ್ಲಿ ದಂಟಿನ ಮೇಲೊಂದು ಸಣ್ಣ ತೂತು, ಅದರ ಕೆಳಗೆ ಗರಗಸದ ಹೊಟ್ಟಿನಂಥ ಪುಡಿ ಕಂಡಿತು. ಆಸಾಮಿ ಸಿಕ್ಕ ಎಂದು ಕುಣಿಯುವಂತಾಯಿತು. ಕುಣಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ತೊಡಕು ಹೊಳೆದಿತ್ತು. ಒಳಗಿನ ಹುಳುವನ್ನು ತೋರಿಸಲು ದಂಟು ಸೀಳಬೇಕು. ದಂಟು ಸೀಳಿದರೆ ಲೆಕ್ಕದಲ್ಲಿ ಮತ್ತೊಂದು ಗಿಡ ಕಡಿಮೆ. ಕಳವಿನ ಆರೋಪ ತೊಳೆಯಲು ಮತ್ತೊಂದು ಕಳವು ಮಾಡಬೇಕು.

ಯೋಚಿಸುತ್ತಾ, ಕೈ ಸುಮ್ಮನಿರಲಾರದೆ ಇನ್ನೊಂದು ಗಿಡಕ್ಕೆ ತಟ್ಟಿದೆ. ಸಾವಕಾಶ ಎಂದು ದ್ಯಾಮವ್ವ ಹೇಳುವುದಕ್ಕೂ, ಬುಡದಲ್ಲಿ ಟಪ್ಪೆಂದು ಸದ್ದಾಗಿ ಗಿಡ ಮಾಸ್ತರರ ರುಮಾಲಿನ ಮೇಲೆ ಒರಗುವುದಕ್ಕೂ ಸರಿಹೋಯಿತು. ಮಾಸ್ತರರು ಗಿಡವನ್ನು ತಬ್ಬಿಕೊಂಡು ನಿಂತೇ ಇದ್ದರು, ಹಿಡಿದುಕೊಂಡರೆ ಬಿದ್ದಂತಲ್ಲ ಎಂಬ ಹಾಗೆ. ದ್ಯಾಮವ್ವ ಬದುವಿನ ಮೇಲೆ ಕೂತುಬಿಟ್ಟಳು. ಇವಳ ಗಂಡನನ್ನು ಬಿಡಿಸಲು ಬಂದವನು ಅವನ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದಿದ್ದೆ.

ಮುರಿದ ದಂಟಿನ ಒಳಗೆ ನೋಡಿದೆ. ಉದ್ದಕ್ಕೂ ಕೊಳವೆಯಂತೆ ಕೊರೆದಿತ್ತು. ಆ ಕೊಳವೆಯಲ್ಲಿ, ಕೆನೆಯ ಬಣ್ಣದ ಮೈ, ಕಂದು ತಲೆಯ ಕೊಬ್ಬಿದ ಹುಳುವೊಂದು ಬೆಳಕಿಗೆ ಬೇಸರಪಟ್ಟು ಹಿಂದಕ್ಕೆ ಸರಿಯುತ್ತಿತ್ತು. ಅಂಥದ್ದನ್ನು ನಾನು ಯಾವ ಪೆಟ್ಟಿಗೆಯಲ್ಲೂ ನೋಡಿರಲಿಲ್ಲ, ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕೈ ತಾನಾಗಿಯೇ ವಿಷದ ಸೀಸೆಗೆ ಹೋಯಿತು. ದ್ಯಾಮವ್ವ ಎದ್ದು ಬಂದು ಸೀಸೆಯ ಬಾಯಿಗೆ ಅಂಗೈ ಮುಚ್ಚಿದಳು.

"ಬ್ಯಾಡ್ರಿ ಯಪ್ಪಾ. ಇವತ್ತ ಇವನ್ನ ಊಟಕ್ಕ ಕರದೀವಿ. ಕರದು ಕೊಲ್ಲಬಾರದು."

ನಿನ್ನ ಗಂಡ ಬೀಗದೊಳಗೆ ಇರುವುದು ಇದೇ ಹುಳುವಿನಿಂದ ಎಂದೆ. ಗೊತ್ತು ಎಂದು ತಲೆಯಾಡಿಸಿದಳು. ಗೊತ್ತಿದ್ದೂ, ದಂಟಿನ ಬಾಯಿಯ ಹತ್ತಿರ ಕಡಬಿನ ಚೂರೊಂದನ್ನು ಇಟ್ಟಳು. ಹುಳು ಅದನ್ನು ಮುಟ್ಟಲಿಲ್ಲ. ಇಡುವುದು ಅವಳ ಕೆಲಸ, ಮುಟ್ಟುವುದು ಬಿಡುವುದು ಅದರ ಇಷ್ಟ. ನಾನು ಸೀಸೆಯ ಬಿರಡೆ ಮುಚ್ಚಿದೆ, ದಂಟಿನ ತುಂಡಿನ ಸಮೇತ ಹುಳುವನ್ನು ತಗಡಿನ ಡಬ್ಬಿಯಲ್ಲಿ ಜೀವಂತವಾಗಿಯೇ ಇಟ್ಟೆ.

ಅದೇ ದಿನ, ನಮಾಜಿನ ನಂತರ

ಅಮೀನರಿಗೆ ರಜೆ. ನಮಾಜು ಮುಗಿಸಿ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಡಬ್ಬಿ ತೆರೆದು ತೋರಿಸಿದೆ. ಹುಳು ಅವರ ಕಣ್ಣೆದುರಿಗೇ ದಂಟಿನ ಗೋಡೆಯನ್ನು ಕೆರೆದು ಕೆರೆದು ತಿನ್ನತೊಡಗಿತು. ಸತ್ತ ಹುಳು ತಂದಿದ್ದರೆ, ಇದನ್ನು ಎಲ್ಲಿ ಹೆಕ್ಕಿದಿರಿ ಎಂದು ಕೇಳುತ್ತಿದ್ದರು. ಗಾಂಜಾ ತಿನ್ನುತ್ತಿರುವ ಹುಳುವಿಗೆ ಆ ಪ್ರಶ್ನೆ ಕೇಳುವಂತಿರಲಿಲ್ಲ. ಎಳ್ಳಮಾಸೆ ನನಗೆ ಮಾಡಿದ ಉಪಕಾರ ಇದು. ಆದರೂ ಅಮೀನರು ಸುಲಭಕ್ಕೆ ಬಗ್ಗಲಿಲ್ಲ. ತಿನ್ನುತ್ತದೆ, ಒಪ್ಪಿದೆ, ಗಿಡ ಬೀಳಿಸುತ್ತದೆ ಎಂದು ಹೇಗೆ ನಂಬಲಿ, ಈ ಗಿಡ ಮುರಿದವರು ನೀವಲ್ಲವೇ ಎಂದರು. ಮಾತು ನ್ಯಾಯವಾಗಿಯೇ ಇತ್ತು. ನೀವೇ ಬಂದು ಕೈಯಾರೆ ಮುಟ್ಟಿ ನೋಡಿ ಎಂದು ಕರೆದೆ.

ಹೊಲದಲ್ಲಿ ಬುಡಕ್ಕೆ ಪುಡಿ ಉದುರಿದ್ದ ಗಿಡವೊಂದನ್ನು ತೋರಿಸಿದೆ. ಅಮೀನರು ಶೇರವಾನಿಯ ತೋಳು ಮೇಲಕ್ಕೆಳೆದು, ಎರಡೇ ಬೆರಳಲ್ಲಿ ದಂಟು ಹಿಡಿದು, ಸ್ವಲ್ಪ ಬಾಗಿಸಿದರು. ಟಪ್.

ಸರ್ಕಾರದ ಗಾಂಜಾ ಗಿಡ ಸರ್ಕಾರದ ಅಮೀನರ ಕೈಯಲ್ಲಿ ಇತ್ತು, ಬೇರು ಮಾತ್ರ ನೆಲದಲ್ಲಿ. ಮಾಸ್ತರರು ಆಕಾಶ ನೋಡುತ್ತಾ ನಿಂತರು. ಅಮೀನರು ಗಿಡವನ್ನೂ ತಮ್ಮ ಬೆರಳುಗಳನ್ನೂ ಒಂದಾದ ಮೇಲೊಂದು ನೋಡಿದರು.

"ನಾ ಸಾವಕಾಶನ ಹಿಡದಿದ್ನಲ್ಲಾ," ಎಂದರು.

"ನಮ್ಮ ಮನಿಯವರೂ ನಿಮಗ ಹಂಗ ಹೇಳಿದ್ರರಿ," ಎಂದಳು ದ್ಯಾಮವ್ವ.

ಅವಳು ಅದನ್ನು ಚುಚ್ಚಲು ಹೇಳಲಿಲ್ಲ, ನೆನಪಿಸಲು ಹೇಳಿದಳು. ಲೆಕ್ಕದಲ್ಲಿ ಈಗ ಕಡಿಮೆಯಾದ ಗಿಡಕ್ಕೆ ಅಮೀನರೇ ಜವಾಬು ಹೇಳಬೇಕಿತ್ತು. ಹುಳು ತಪ್ಪಿತಸ್ಥನಲ್ಲದಿದ್ದರೆ ತಪ್ಪಿತಸ್ಥ ಅವರೇ. ಅಂದು ಮಧ್ಯಾಹ್ನ ಹನುಮಸಾಗರದಲ್ಲಿ ಆ ಹುಳುವಿನ ಅಪರಾಧ ಸಾಬೀತಾಗಲಿ ಎಂದು ಫಕೀರಪ್ಪನಷ್ಟೇ ಆಸೆಪಟ್ಟವರು ಅಮೀನರು.

ಅವರು ಮುರಿದ ದಂಟನ್ನು ಸೀಳಿ ನೋಡಿದೆವು. ಕೊಳವೆಯಿತ್ತು, ಪುಡಿಯಿತ್ತು, ಪತಂಗವಾಗಿ ಹಾರಿಹೋದದ್ದು ಬಿಟ್ಟ ಖಾಲಿ ಚಿಪ್ಪಿತ್ತು, ಹುಳು ಇರಲಿಲ್ಲ. ಇನ್ನೊಂದು ಗಿಡ ಮುಟ್ಟುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಹಾಗಾಗಿ ಇದ್ದದ್ದು ನನ್ನ ಡಬ್ಬಿಯಲ್ಲಿದ್ದ ಒಂದೇ. ಫಕೀರಪ್ಪನನ್ನು ಬಿಡಬೇಕಾದರೆ ಮೇಲಿನವರಿಗೆ ಮುದ್ದೆಮಾಲು ತೋರಿಸಬೇಕು, ಹುಳುವನ್ನು ಕೊಟ್ಟುಬಿಡಿ ಎಂದು ಅಮೀನರು ಕೈ ಚಾಚಿದರು.

ಕೊಡಲು ನನಗೆ ಮನಸ್ಸಿರಲಿಲ್ಲ. ಪುಸ್ತಕದಲ್ಲಿಲ್ಲದ ಹುಳು, ಸಾಹೇಬರು ಕೇಳಿ ಕಳಿಸಿದ ಹುಳು, ಪತಂಗವಾಗುವವರೆಗೆ ಸಾಕಿದ್ದರೆ ಬಹುಶಃ ನನ್ನ ಹೆಸರನ್ನೂ ಎಲ್ಲಿಯಾದರೂ ಒಂದು ಮೂಲೆಯಲ್ಲಿ ಬರೆಸುತ್ತಿದ್ದ ಹುಳು. ಡಬ್ಬಿ ನನ್ನ ಕೈಯಲ್ಲಿ ಬಿಸಿಯಾಗಿತ್ತು. ದ್ಯಾಮವ್ವ ಖಾಲಿಯಾದ ಚರಗದ ಬುಟ್ಟಿ ಹಿಡಿದು ನಿಂತಿದ್ದಳು. ಡಬ್ಬಿಯನ್ನು ಅಮೀನರ ಕೈಗಿಟ್ಟೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೊಟ್ಟೆಯುರಿಯಲ್ಲೇ ಎರಡು ಎಚ್ಚರಿಕೆ ಕೊಟ್ಟೆ. ಒಂದು, ಈ ಆರೋಪಿ ಬೀಗದೊಳಗೇ ವೇಷ ಬದಲಿಸುವವನು. ಹುಳುವಾಗಿ ಹೋದವನು ಪತಂಗವಾಗಿ ಹೊರಬಂದರೆ ಆಳು ಬದಲಾದನೆಂದು ಗಾಬರಿಯಾಗಬೇಡಿ. ಇನ್ನೊಂದು, ಇವನಿಗೆ ದಿನಾ ತಾಜಾ ದಂಟು ಬೇಕು, ಇಲ್ಲದಿದ್ದರೆ ಮೇಲಿನವರು ಬರುವಷ್ಟರಲ್ಲಿ ಒಣಗಿದ ಸಿಪ್ಪೆ ಉಳಿದೀತು. ಅಮೀನರು ಚಿಂತೆಗೆ ಬಿದ್ದರು. ಎಣಿಸಿದ್ದು ಗಿಡಗಳನ್ನೇ ಹೊರತು ಕವಲುಗಳನ್ನಲ್ಲ, ದಿನಕ್ಕೊಂದು ಕವಲು ಮುರಿದರೆ ಲೆಕ್ಕ ಕೆಡದು ಎಂದು ಅವರೇ ದಾರಿ ಕಂಡುಕೊಂಡರು. ಆದರೆ ಹೊಲಕ್ಕೆ ಹೋಗಿ ಅದನ್ನು ದಿನಾ ತರುವವರು ಯಾರು ಎಂದು ಮಾಸ್ತರರು ಕೇಳಿದರು.

ಶನಿವಾರ

ಬೆಳಿಗ್ಗೆ ಬೀಗ ತೆಗೆದರು. ಫಕೀರಪ್ಪ ತೆಳ್ಳಗಿನ, ನಾಚಿಕೆಯ ಮನುಷ್ಯ. ಹೊರಬಂದವನು ಮೊದಲು ಆ ಹುಳುವನ್ನು ನೋಡಬೇಕೆಂದ. ಅಮೀನರು ಡಬ್ಬಿಯ ಮುಚ್ಚಳ ಎತ್ತಿದರು. ಬಹಳ ಹೊತ್ತು ನೋಡಿ, ಇಷ್ಟು ಸಣ್ಣದೇನ್ರಿ ಎಂದ, ಅಷ್ಟೇ. ಅಮೀನರು ಡಬ್ಬಿಯನ್ನು ಒಯ್ದು, ಅವನು ಇದ್ದ ಕೋಣೆಯಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಬೀಗ ಹಾಕಿದರು.

ನನಗೆ ಮಧ್ಯಾಹ್ನದ ಬಸ್ಸು. ಅಷ್ಟರೊಳಗೆ ಹೊಲಕ್ಕೆ ಓಡಿದೆ. ಇವತ್ತು ಹಿಡಿಯಬಹುದೇ ಎಂದು ದ್ಯಾಮವ್ವನ ಅಪ್ಪಣೆ ಕೇಳಿದೆ. ನಿನ್ನೆಯೇ ಊಟ ಆಗಿದೆ, ಇವತ್ತು ಅವರವರ ಹಣೆಬರಹ ಎಂದಳು. ಹೇನು, ತಿಗಣೆ, ಗುಲಗಂಜಿ, ಜಿಗಿಹುಳು, ಜೇಡ ಎಲ್ಲ ಸೀಸೆಗೆ ಬಂದವು. ಓತಿಕ್ಯಾತವನ್ನು ಬಿಟ್ಟೆ, ಸೂಜಿ ಸಾಲದು. ಮಾಸ್ತರರ ಧೋತರಕ್ಕೆ ಹಿಡಿದ ಹಸಿರು ಅಂಟು ಹೋಗಲಿಲ್ಲ. ಇದನ್ನು ಉಟ್ಟು ಕುಷ್ಟಗಿಗೆ ಹೋದರೆ ನನ್ನನ್ನೂ ಒಳಗೆ ಹಾಕುತ್ತಾರೆ ಎಂದು ಅವರು ಅದನ್ನು ನನಗೇ ಕೊಟ್ಟುಬಿಟ್ಟರು.

ಬೆಂಗಳೂರಿನಲ್ಲಿ ಗಾಂಜಾದ ಪೆಟ್ಟಿಗೆ ಈಗ ತುಂಬಿದೆ. ನಡುವೆ ಒಂದು ಸೂಜಿ ಮಾತ್ರ ಖಾಲಿ ನಿಂತಿದೆ, ಕೆಳಗೆ ಚೀಟಿಯಿದೆ, ಹುಳು ಇಲ್ಲ. ಸಾಹೇಬರು ಕೇಳಿದಾಗ ನಡೆದದ್ದನ್ನು ಹೇಳಿದೆ. ಸೂಜಿ ಹಾಗೆಯೇ ಇರಲಿ ಎಂದರು.

ಆದರೆ ಆ ಸೂಜಿಯನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಹುಳುವಲ್ಲ, ಆ ಶನಿವಾರದ ಮಧ್ಯಾಹ್ನ. ಬಸ್ಸು ನಿಲ್ಲುತ್ತಿದ್ದದ್ದು ನಾಕಾದ ಎದುರಿಗೆ. ದ್ಯಾಮವ್ವ, ಫಕೀರಪ್ಪ ಇಬ್ಬರೂ ಬಂದರು. ಅವಳ ಕೈಯಲ್ಲಿ ಎರಡು ಗಂಟು. ಒಂದನ್ನು ನನಗೆ ಕೊಟ್ಟಳು. ರೊಟ್ಟಿಯ ಬಿಸಿ ಬಟ್ಟೆಯ ಮೂಲಕ ತಾಗಿತು. ಇನ್ನೊಂದು, ಗುರುವಾರ ಸಂಜೆ ಕಿಟಕಿಯಲ್ಲಿ ತೂರಿಸುತ್ತಿದ್ದಳಲ್ಲ, ಅದೇ ಬಟ್ಟೆ. ಅದರ ಬಾಯಿಯಿಂದ ಗಾಂಜಾದ ಹಸಿರು ಕವಲು ಇಣುಕುತ್ತಿತ್ತು. ಅದನ್ನು ತರಲು ಅವಳಿಗೆ ಯಾರೂ ಹೇಳಿರಲಿಲ್ಲ.

ಗಂಡ ಹೊರಗೆ ಬಂದಾಯಿತಲ್ಲ, ಇದರ ಹಂಗು ನಿನಗೇಕೆ ಎಂದು ಕೇಳಿದೆ.

"ಒಳಗ ಇದ್ದಾವರ ಬುತ್ತಿ ತಪ್ಪಿಸಬಾರದ್ರಿ," ಎಂದಳು. "ಆ ಕಿಡಕ್ಯಾಗ ದಾರಿ ಕಾಯೂದು ಹೆಂಗ ಇರತೈತಿ ಅಂತ ಇವರು ಹೇಳ್ಯಾರ."

ಫಕೀರಪ್ಪ ನೆಲ ನೋಡುತ್ತಿದ್ದ. ಬಸ್ಸು ಹೊಗೆ ಉಗುಳಿ ಹೊರಟಿತು. ಹಿಂತಿರುಗಿ ನೋಡಿದಾಗ ದ್ಯಾಮವ್ವ ಕಿಟಕಿಯ ಬಳಿ ಬೆರಳತುದಿಯಲ್ಲಿ ನಿಂತು ಗಂಟು ಬಿಚ್ಚುತ್ತಿದ್ದಳು, ಫಕೀರಪ್ಪ ಸರಳುಗಳ ನಡುವೆ ಕೈ ಹಾಕಿ ಡಬ್ಬಿಯ ಮುಚ್ಚಳ ಎತ್ತಿ ಹಿಡಿದಿದ್ದ.